ಮೀನಿನ ದನಿ ಕೇಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಮಾಡಲು ಹೊರಟಿದ್ದೇವೆ. ನೀರೊಳಗೆ ಮೀನಿನ ಸದ್ದು ಬರಿಗಿವಿಗೆ ಕೇಳುತ್ತದೆಯೇ?
– ಓದುಗರು, ದಾವಣಗೆರೆ

ಕೇಳುತ್ತದೆ. ಅಡ್ಡಿಯಾಗುವುದು ನಿಮ್ಮದೇ ಉಸಿರು. ಗಾಳಿ ಎಳೆದುಕೊಂಡಾಗ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಸುಯ್ಯೆನ್ನುತ್ತದೆ, ಬಿಟ್ಟಾಗ ಗುಳ್ಳೆಗಳ ಗದ್ದಲ. ಇವೆರಡರ ನಡುವೆ ತಾನಾಗಿ ಬರುವ ಬಿಡುವಿನಲ್ಲಿ ಕಿವಿಗೊಡಿ. ಅದಕ್ಕಾಗಿ ಉಸಿರು ಕಟ್ಟಲೇಬೇಡಿ. ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ.

ಮೊದಲು ಕೇಳುವುದು ಒಗ್ಗರಣೆಗೆ ಹಾಕಿದ ಸಾಸಿವೆಯಂಥ ಚಟಪಟ. ಅದು ಮೀನಲ್ಲ, ಕೊಂಡಿ ಸಿಡಿಸುವ ಸಣ್ಣ ಸಿಗಡಿ. ಬಂಡೆಯನ್ನು ಕರಕರ ಕೆರೆಯುವ ಸದ್ದು ಗಿಳಿಮೀನಿನದು. ಗಾಳಿಚೀಲಕ್ಕೆ ಅಂಟಿದ ಸ್ನಾಯುಗಳನ್ನು ಅದುರಿಸಿ ಗೊರಗುಟ್ಟುವ ಮೀನುಗಳ ದನಿ ತಗ್ಗಿನದು, ಬಹುಪಾಲು ಸೆಕೆಂಡಿಗೆ 1000 ಕಂಪನ, ಅಂದರೆ 1000 ಹರ್ಟ್ಸ್‌ಗಿಂತ ಕೆಳಗೆ.

ಸದ್ದು ಎತ್ತಲಿಂದ ಬಂತೆಂದು ಹುಡುಕಬೇಡಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಎರಡು ಕಿವಿಗೂ ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ ದಿಕ್ಕು ಗೊತ್ತಾಗದು. ದೋಣಿಯ ಎಂಜಿನ್ನಿನ ಸದ್ದಿಗೂ ಇದೇ ಮಾತು. ಮೇಲೇರುವಾಗ ಕಿವಿಯನ್ನು ನಂಬದೆ ಕತ್ತೆತ್ತಿ ನೋಡಿಕೊಳ್ಳಿ.

ಪ್ರಶ್ನೆ: ವಾಣಿವಿಲಾಸ ಸಾಗರದಲ್ಲಿ ಬಲೆಯಿಂದ ಬಿಡಿಸುವಾಗ ಮೀಸೆಮೀನು ಕಿರ್ ಕಿರ್ ಎನ್ನುತ್ತದೆ. ಬಾಯಿಂದಲೋ?
– ಓದುಗರು, ಹಿರಿಯೂರು

ಬಾಯಿಂದಲ್ಲ. ಎದೆಯ ಈಜುರೆಕ್ಕೆಯ ಮುಳ್ಳಿನ ಬುಡ ಗೂಡಿನೊಳಗೆ ಉಜ್ಜಿಕೊಂಡು ಆ ಸದ್ದು ಬರುತ್ತದೆ. ಅದೇ ಮುಳ್ಳು ಸೆಟೆದು ನಿಂತು ಕೈಗೆ ಚುಚ್ಚುವುದು. ಹಾಗಾಗಿ ಕಿರ್ ಎಂದೊಡನೆ ಹಿಡಿತ ಬಿಗಿ ಮಾಡಬೇಡಿ.

ಪ್ರಶ್ನೆ: ಸೂಳೆಕೆರೆಗೆ ಇಳಿಯದೆ ದಡದಿಂದಲೇ ಮೀನಿನ ಸದ್ದು ಧ್ವನಿಮುದ್ರಿಸಬಹುದೇ? ಖರ್ಚು ಕಡಿಮೆ ಇರಲಿ.
– ಓದುಗರು, ಚನ್ನಗಿರಿ

ಖಂಡಿತ. ನೀರಿನ ಮೈಕನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 27 ಮಿ.ಮೀ. ಪೀಜೋ ಬಿಲ್ಲೆ (ಅದುರಿದರೆ ವಿದ್ಯುತ್ ಹುಟ್ಟಿಸುವ ತಟ್ಟೆ, ಬಜರ್‌ನಲ್ಲಿರುವುದು), 5 ಮೀಟರ್ ಶೀಲ್ಡ್ ಕೇಬಲ್, ಎರಡು ಟ್ಯೂಬಿನ ಎಪಾಕ್ಸಿ ಅಂಟು ತನ್ನಿ. ಕೇಬಲ್ಲಿನ ನಡುತಂತಿಯನ್ನು ಬಿಲ್ಲೆಯ ಬಿಳಿ ಭಾಗಕ್ಕೂ ಹೊರಜಾಲರಿಯನ್ನು ಹಿತ್ತಾಳೆ ಅಂಚಿಗೂ ಬೆಸೆಯಿರಿ. ಬಿಳಿ ಭಾಗದ ಮೇಲೆ ಕಾದ ಬೆಸುಗೆ ಕಡ್ಡಿ ಎರಡು ಸೆಕೆಂಡು ಮೀರಿ ನಿಲ್ಲಬಾರದು. ಬೆಳ್ಳಿ ಲೇಪ ಎದ್ದುಬಿಡುತ್ತದೆ. ಬಿಲ್ಲೆಯ ಎರಡೂ ಬದಿಗೆ ಮತ್ತು ಕೇಬಲ್ ಸೇರುವ ಜಾಗಕ್ಕೆ ಎಪಾಕ್ಸಿ ತೆಳುವಾಗಿ ಬಳಿದು 24 ಗಂಟೆ ಒಣಗಿಸಿ, ಒಂದು ರಾತ್ರಿ ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ರೆಕಾರ್ಡರಿನಲ್ಲಿ ಕೇಳಿದಾಗ ಗುಂಯ್ ಎಂಬ ಸದ್ದು ಹೊಸದಾಗಿ ಬಂದಿದ್ದರೆ ಎಲ್ಲೋ ನೀರು ಸೇರಿದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಬಿಲ್ಲೆಯನ್ನು ನೇರವಾಗಿ ರೆಕಾರ್ಡರಿನ ಮೈಕ್ ತೂತಿಗೆ ಚುಚ್ಚುತ್ತಾರೆ. ಬಿಲ್ಲೆಯ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಶಕ್ತಿ) 20 ನ್ಯಾನೊಫ್ಯಾರಡ್ ಆಸುಪಾಸು. ರೆಕಾರ್ಡರಿನ ಇನ್‌ಪುಟ್ ರೋಧ ಬರೀ 2 ಕಿಲೋಓಮ್ ಇದ್ದರೆ, ಇವೆರಡರ ಲೆಕ್ಕದಲ್ಲಿ ಸುಮಾರು 4000 ಹರ್ಟ್ಸ್‌ಗಿಂತ ಕೆಳಗಿನ ಸದ್ದೆಲ್ಲ ಸೊರಗುತ್ತದೆ, ಅಂದರೆ ಬೇಕಾದ ಮೀನಿನ ದನಿಯೇ ಹೋಯಿತು. 1 ಮೆಗಾಓಮ್ ಇನ್‌ಪುಟ್ಟಿನ ಪ್ರಿಆಂಪ್ (ಸಣ್ಣ ವರ್ಧಕ) ನಡುವೆ ಹಾಕಿದರೆ ಆ ಮಿತಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಗಿಟಾರಿನ ಪೀಜೋ ಪಿಕಪ್‌ಗೆ ಬಳಸುವ, ಬ್ಯಾಟರಿಯ ಪ್ರಿಆಂಪ್ ಸಾಕು. ಖರ್ಚು ಉಳಿಸಲು ಇದನ್ನು ಮಾತ್ರ ಬಿಡಬೇಡಿ.

ದಡದಲ್ಲಿ ಎರಡು ಮೀಟರಿಗಿಂತ ಆಳವಿರುವ ಕಡೆ, ಪಂಪ್‌ಸೆಟ್ಟಿನಿಂದ ದೂರ ಇಳಿಬಿಡಿ. ಒಂದು ಮೀಟರ್ ನೀರಿನಲ್ಲಿ, ತಳ ಗಟ್ಟಿಯಿದ್ದರೂ, ಸುಮಾರು 375 ಹರ್ಟ್ಸ್‌ಗಿಂತ ತಗ್ಗಿನ ಸದ್ದು ದೂರ ಸಾಗುವುದೇ ಇಲ್ಲ. ಕೆಸರಿದ್ದರೆ ಇನ್ನೂ ಕಷ್ಟ. ಕೇಬಲ್ಲಿಗೆ ಕಲ್ಲು ಕಟ್ಟಿ ಬಿಲ್ಲೆ ತಳ ಮುಟ್ಟದಂತೆ ನಿಲ್ಲಿಸಿ, ಆಮೇಲೆ ಕೇಬಲ್ ಮುಟ್ಟಬೇಡಿ. ಬೆರಳಿನ ಸವರುವಿಕೆಯೂ ಗುಡುಗಿನಂತೆ ದಾಖಲಾಗುತ್ತದೆ. ಮುಸ್ಸಂಜೆ ಒಳ್ಳೆಯ ಹೊತ್ತು, ಜೊತೆಗೊಬ್ಬರು ಇರಲಿ.

ಕೇಳಿದ್ದೆಲ್ಲ ಮೀನೆಂದು ಬರೆದುಕೊಳ್ಳಬೇಡಿ. ಬಿಡದೆ ಚಿರಗುಟ್ಟುವ ಎತ್ತರದ ಸದ್ದು ಸಾಮಾನ್ಯವಾಗಿ ನೀರುಹುಳುವಿನದು, ಬಿಸಿಲಿನಲ್ಲಿ ಟಿಕ್ ಟಿಕ್ ಎನ್ನುವುದು ಜಲಸಸ್ಯಗಳಿಂದ ಏಳುವ ಆಮ್ಲಜನಕದ ಗುಳ್ಳೆ, ಒಂಟಿ ಗುಳುಕ್ ಎಂದರೆ ಕೆಸರಿನ ಅನಿಲ. ಕಾಟ್ಲಾ, ರೋಹುಗಳಿಂದ ಹೆಚ್ಚಾಗಿ ಮೇಯುವ, ಬಾಲ ಬಡಿಯುವ ಸದ್ದು ನಿರೀಕ್ಷಿಸಿ. ಸಾಲಾಗಿ ಬರುವ ತಗ್ಗುದನಿಯ ಟಕಟಕ ಅಥವಾ ಕಿರ್ ಕಿರ್ ಸಿಕ್ಕರೆ ಹೊತ್ತು, ಆಳ, ಮಳೆ-ಗಾಳಿಯ ಸ್ಥಿತಿ ಗುರುತಿಸಿ. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಇಳಿಬಿಟ್ಟು ಹೋಲಿಸಿ.