ತಿಥಿ ಮನೆಯಲ್ಲೂ ಮಳೆ ಮಾತು ಯಾಕೆ?

ತಿಥಿ ಊಟಕ್ಕೆ ಬಂದವರು ಸತ್ತವರನ್ನು ಬಿಟ್ಟು ಮಳೆ ಮಾತಾಡ್ತಾರಲ್ಲ, ಅಂತ ಕೇಳಿದ್ದೀರಿ. ಬಿಟ್ಟು ಮಾತಾಡಲ್ಲ. ನಮ್ಮಜ್ಜನ ವಿಷಯ ಹೇಳಿದ್ರೆ ಗೊತ್ತಾಗುತ್ತೆ.

ನಮ್ಮದು ಸಕಲೇಶಪುರದಾಚೆ, ಶಿರಾಡಿ ಘಾಟಿ ಇಳಿಯುವ ಮೊದಲು ಸಿಗುವ ಕಾಫಿ ಸೀಮೆ. ಅಜ್ಜ ಪುತ್ತೂರು ಕಡೆಯವರು. 1956ಕ್ಕೆ ಮೊದಲೇ ಘಟ್ಟ ಹತ್ತಿ ಬಂದು ತೋಟವೊಂದರಲ್ಲಿ ರೈಟರ್ ಆದರು. ಆಗ ಘಟ್ಟದ ಕೆಳಗೆ ಮದ್ರಾಸ್ ರಾಜ್ಯ, ಮೇಲೆ ಮೈಸೂರು. ಮನೆಯಲ್ಲಿ ತುಳು, ತೋಟದಲ್ಲಿ ಕನ್ನಡ. ತುಳುವರ ಆಟಿ ತಿಂಗಳಲ್ಲಿ ತೀರಿಕೊಂಡ ಹಿರಿಯರಿಗೆ ಬಡಿಸುವುದನ್ನೂ ಬಿಡಲಿಲ್ಲ, ಇಲ್ಲಿಯವರ ಜೊತೆ ಮಹಾಲಯಕ್ಕೆ ಎಡೆ ಇಡುವುದನ್ನೂ ಕಲಿತರು.

ಆಳುಗಳ ಹಾಜರಿ, ಬಟವಾಡೆ ರೈಟರ ಕೆಲಸ. ಬೆಳಿಗ್ಗೆ ಮಳೆ ಅಳೆದು ಬರೆಯುವುದೂ ಅವರದೇ. ಇಲ್ಲಿ ಮಿಲಿಮೀಟರ್ ಯಾರೂ ಹೇಳಲ್ಲ. ಮಳೆಯ ಲೆಕ್ಕ ಇಂಚು, ಸೆಂಟಿನಲ್ಲೇ; 100 ಸೆಂಟಿಗೆ ಒಂದು ಇಂಚು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದ್ರೆ ಕಾಫಿ ಗಿಡ ಹೂ ಬಿಡಿಸುವ ಮಳೆ, ಒಂದು ಇಂಚಾದರೂ ಬೀಳಬೇಕು. ಬಿದ್ದರೆ ಹತ್ತು ದಿನದೊಳಗೆ ತೋಟವೆಲ್ಲ ಬಿಳಿ. ಆಮೇಲೆ ಎರಡು, ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲಲ್ಲ. ಅರೆಬರೆ ಮಳೆ ಬರುವುದಕ್ಕಿಂತ ಬಾರದಿರುವುದೇ ವಾಸಿ ಅಂತಿದ್ದರು ಅಜ್ಜ.

ತೋಟದ ಲೆಕ್ಕ ತೋಟದ ಆಫೀಸಿಗೆ ಹೋಯಿತು. ಅದರ ನಕಲು ಮನೆಯ ಪುಸ್ತಕದಲ್ಲಿ ಉಳಿಯಿತು. ಅಂಕಿಯ ಪಕ್ಕ ಒಂದೊಂದು ಮಾತು: 'ಹಸು ಈಯಿತು', 'ಮಗ ಪಾಸು', 'ಪೂಲ್ ದುಡ್ಡು ಬಂತು'. ಆಮೇಲೆ ಅವರೂ ಒಂಚೂರು ತೋಟ ಮಾಡಿದ್ದರು. ಆಗೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಎಲ್ಲರದನ್ನೂ ಒಟ್ಟು ಮಾಡಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹೋಗಿ, ನೇರ ವ್ಯಾಪಾರಿಗಳಿಗೇ ಮಾರುವಂತಾಯಿತು. ಅಜ್ಜನಿಗೆ ಮಾತ್ರ ವ್ಯಾಪಾರಿಗಳ ಮೇಲೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

ಅಜ್ಜಿ ತೀರಿಕೊಂಡ ದಿನ ಬರೆದದ್ದು ಇಷ್ಟೇ: '18 ಸೆಂಟು. ಸಾಲದು. ಮಧ್ಯಾಹ್ನ ಹೋದಳು.' ಕಲ್ಲು ಮನಸ್ಸು ಅಂತ ಅತ್ತೆ ಈಗಲೂ ಬೈಯುತ್ತಾರೆ. ನನಗೆ ಹಾಗನಿಸಲ್ಲ. ಆ ಮನುಷ್ಯ ದಿನಕ್ಕೆ ಅದಕ್ಕಿಂತ ಜಾಸ್ತಿ ಬರೆದದ್ದೇ ಇಲ್ಲ.

ಅಜ್ಜನ ತಿಥಿಯ ದಿನವೂ ಯಾವ ವರ್ಷ ಹೂಮಳೆ ಕೈಕೊಟ್ಟಿತು ಅಂತ ಮಾತು ಬಂತು. ಚಿಕ್ಕಪ್ಪ ಪುಸ್ತಕಗಳನ್ನೇ ತಂದಿಟ್ಟರು. ಎಲೆ ಎತ್ತಿದ ಮೇಲೂ ಯಾರೂ ಏಳಲಿಲ್ಲ. ತಮ್ಮ ಮನೆ ಮದುವೆ, ಸಾವು ಯಾವ ಮಳೆಯಲ್ಲಾಯಿತು ಅಂತ ಒಬ್ಬೊಬ್ಬರೂ ಹುಡುಕಿಸಿಕೊಂಡರು. ಹಾಸನ-ಮಂಗಳೂರು ರೈಲು ಶುರುವಾದ 1979ರ ಪುಸ್ತಕ ಮಾತ್ರ ಗೆದ್ದಲು ತಿಂದಿದೆ. ಆ ವರ್ಷದ ಮಳೆ ಬಗ್ಗೆ ಚಿಕ್ಕಪ್ಪನಿಗೂ ಪಕ್ಕದ ತೋಟದವರಿಗೂ ಇನ್ನೂ ಜಗಳ ನಡೀತಾನೇ ಇದೆ.