ಚದರಡಿ ರೇಟು ಬಿಡಿ, ಕಾಸ್ಟ್ ಶೀಟ್ ಹಿಡಿಯಿರಿ

ಬೆಂಗಳೂರಿನಲ್ಲಿ ಮೊದಲ ಮನೆ, ಹೊಸ ಫ್ಲ್ಯಾಟ್, ಬಿಲ್ಡರ್ ಚದರಡಿ ರೇಟು ಇಳಿಸುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ರೇಟು ಇಳಿಸಿದರೆ ಮುಂದಿನವರೂ ಅದನ್ನೇ ಕೇಳುತ್ತಾರೆ, ಆ ಭಯ ಅವರಿಗೆ. ಹಾಗಾಗಿ ಕಾಸ್ಟ್ ಶೀಟ್ (ಫ್ಲ್ಯಾಟಿನ ಒಟ್ಟು ಬೆಲೆಯನ್ನು ಬಿಡಿಬಿಡಿಯಾಗಿ ತೋರಿಸುವ ಪಟ್ಟಿ) ತರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಫ್ಲೋರ್ ರೈಸ್ (ಮೇಲಿನ ಮಹಡಿಗೆ ಹಾಕುವ ಹೆಚ್ಚುವರಿ ದುಡ್ಡು), ಕ್ಲಬ್‌ಹೌಸ್, ಪಾರ್ಕಿಂಗ್. ನಾವು ಹೀಗೆ ಒಂದು ಗಂಟೆ ಕೂತಿದ್ದಕ್ಕೆ ಫ್ಲೋರ್ ರೈಸ್ ಪೂರ್ತಿ ಬಿಟ್ಟರು.

ಓಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅಂತ ಸ್ಥಳೀಯ ಸಂಸ್ಥೆ ಕೊಡುವ ಪತ್ರ, ಬಂದಿದೆಯಾ ನೋಡಿ. ಬಂದ ಮೇಲೆ ಬುಕ್ ಮಾಡಿ ದುಡ್ಡು ಕೊಟ್ಟರೆ ಜಿಎಸ್‌ಟಿ ಇಲ್ಲ, ಮುಂಚೆಯಾದರೆ ಸಾಮಾನ್ಯವಾಗಿ 5%. ಅದು ಲಕ್ಷಗಳ ಮಾತು ಅಲ್ವಾ? ಅಗ್ರಿಮೆಂಟ್ ನೋಂದಣಿಗೆ ಮೊದಲು ಬೆಲೆಯ 10%ಗಿಂತ ಜಾಸ್ತಿ ಕೇಳಲು ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಬಿಡುವುದಿಲ್ಲ. ‘ಇವತ್ತೇ ಬುಕ್ ಮಾಡಿ’ ಅಂದರೆ ಸುಮ್ನೆ ಎದ್ದು ಬನ್ನಿ. ಬಿಟ್ಟುಕೊಟ್ಟಿದ್ದೆಲ್ಲ ಅಗ್ರಿಮೆಂಟ್‌ನಲ್ಲೇ ಬರಲಿ.