ವೈನ್ ಕಲಿಯುವವರಿಗೆ ಮೋಲ್ ಲೆಕ್ಕ ಏಕೆ?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದು ದ್ರಾಕ್ಷಿ ತೋಟ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ವೈನ್ ತಯಾರಿಕೆಯ ಕೋರ್ಸಿಗೆ ಸೇರಿದ್ದೇನೆ. ಸಕ್ಕರೆ, ಆಲ್ಕೋಹಾಲ್ ಎರಡೂ ಸಾವಯವ ವಸ್ತುಗಳಾಗಿರುವಾಗ ಸಾಮಾನ್ಯ ಮತ್ತು ನಿರವಯವ ರಸಾಯನಶಾಸ್ತ್ರ ಏಕೆ ಬೇಕು? ಎಲ್ಲಿಂದ ಆರಂಭಿಸಲಿ?
– ಓದುಗ, ಕೊಪ್ಪಳ ಜಿಲ್ಲೆ

ಉತ್ತರ: ದ್ರಾಕ್ಷಿರಸವನ್ನು ವೈನ್ ಮಾಡುವುದು ಯೀಸ್ಟ್, ಆದರೆ ಆ ವೈನ್ ಕೆಡದಂತೆ ಕಾಯುವ ವಿದ್ಯೆಯ ಬಹುಪಾಲು ನೀವು ಬೇಡವೆನ್ನುತ್ತಿರುವ ಪಾಠಗಳಲ್ಲೇ ಇದೆ. ಅಣುಗಳನ್ನು ತೂಕದ ಮೂಲಕ ಎಣಿಸುವ ಮಾನವಾದ ಮೋಲ್‌ನಿಂದಲೇ ಆರಂಭಿಸಿ. ಒಂದು ಮೋಲ್, ಅಂದರೆ 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ, ಸಮೀಕರಣದ ಪ್ರಕಾರ 92 ಗ್ರಾಂ ಆಲ್ಕೋಹಾಲ್ ಮತ್ತು 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತವೆ. ವಾಸ್ತವದಲ್ಲಿ ಆಲ್ಕೋಹಾಲ್ ಸ್ವಲ್ಪ ಕಡಿಮೆಯೇ ಸಿಗುತ್ತದೆ.

ಅನಂತರ ಆಮ್ಲ, ಪ್ರತ್ಯಾಮ್ಲ ಮತ್ತು ಸಮತೋಲನ. ಇಲ್ಲಿ ಅವಸರ ಮಾಡಬೇಡಿ. ಪಿಎಚ್ ಎಂಬ ಆಮ್ಲೀಯತೆಯ ಅಳತೆಯನ್ನು (ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು) ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್‌ಸೆನ್ 1909ರಲ್ಲಿ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಎಂಬುದನ್ನು ನೆನೆದರೆ, ಈ ಪಾಠ ನಿಮ್ಮ ಕಸುಬಿಗೆ ಹೊರಗಿನದಲ್ಲ ಎಂಬುದು ತಿಳಿಯುತ್ತದೆ. ವೈನ್ ಕೆಡದಂತೆ ಸೇರಿಸುವ ಸಲ್ಫರ್ ಡೈಆಕ್ಸೈಡಿನಲ್ಲಿ ಮುಕ್ತವಾಗಿ, ಅಂದರೆ ವೈನಿನ ಬೇರೆ ವಸ್ತುಗಳಿಗೆ ಅಂಟಿಕೊಳ್ಳದೆ ಉಳಿದುದರ ಬಹುಭಾಗ ಬೈಸಲ್ಫೈಟ್ ಎಂಬ ಅಯಾನಾಗಿ (ವಿದ್ಯುದಾವೇಶವಿರುವ ಕಣವಾಗಿ) ಇರುತ್ತದೆ. ಸೂಕ್ಷ್ಮಜೀವಿಗಳನ್ನು ತಡೆಯುವುದು ಮುಖ್ಯವಾಗಿ ಅಣುರೂಪದಲ್ಲಿರುವ ಅಲ್ಪಭಾಗ. ಮುಕ್ತ ಸಲ್ಫರ್ ಡೈಆಕ್ಸೈಡಿನಲ್ಲಿ ಈ ಅಣುರೂಪದ ಪಾಲು ಪಿಎಚ್ 3.2 ಇದ್ದಾಗ ಸುಮಾರು ಶೇಕಡ 4, ಪಿಎಚ್ 3.8ಕ್ಕೆ ಏರಿದಾಗ ಕೇವಲ ಶೇಕಡ 1. ಆದ್ದರಿಂದ ಲೀಟರಿಗೆ 0.8 ಮಿಲಿಗ್ರಾಂ ಅಣುರೂಪ ಬೇಕೆಂದರೆ ಮೊದಲ ವೈನಿಗೆ ಸುಮಾರು 20 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಸಾಕು, ಎರಡನೆಯದಕ್ಕೆ ಸುಮಾರು 79 ಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಹಣ್ಣು ಮಾಗುವಾಗ ಅದರಲ್ಲಿರುವ ಮ್ಯಾಲಿಕ್ ಆಮ್ಲ ಬೇಗ ಕಡಿಮೆಯಾಗಿ ಪಿಎಚ್ ಏರುವುದರಿಂದ, ಕೊಪ್ಪಳದವರಾದ ನಿಮಗೆ ಈ ಅಧ್ಯಾಯ ತಂಪು ದೇಶದವರಿಗಿಂತ ಹೆಚ್ಚು ಅಗತ್ಯ.

ಲವಣಗಳ ಪಾಠವನ್ನು ಮನೆಯ ಬಚ್ಚಲಲ್ಲೇ ಕಾಣಬಹುದು. ಕಪ್ಪಾದ ತಾಮ್ರದ ಕೊಡಕ್ಕೆ ಹುಣಸೆಹಣ್ಣು ತಿಕ್ಕಿದರೆ ಅದರ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡನ್ನು ಕರಗುವ ಲವಣವಾಗಿಸುತ್ತದೆ, ನೀರು ಸುರಿದೊಡನೆ ಕೊಡ ಹೊಳೆಯುತ್ತದೆ. ದ್ರಾಕ್ಷಿಯ ಪ್ರಧಾನ ಆಮ್ಲವೂ ಅದೇ. ಅದು ಹಣ್ಣಿನ ಪೊಟ್ಯಾಸಿಯಂ ಜೊತೆ ಸೇರಿ, ವೈನ್ ತಣ್ಣಗಾದಾಗ ಹರಳುಗಟ್ಟಿ ಬಾಟಲಿಯ ತಳಕ್ಕೆ ಇಳಿಯುತ್ತದೆ. ತಿಳಿಯದವರು ಅದನ್ನು ಗಾಜಿನ ಚೂರೆಂದು ಹೆದರುತ್ತಾರೆ. ಆವರ್ತಕ ಕೋಷ್ಟಕವನ್ನು ಪೂರ್ತಿ ಬಾಯಿಪಾಠ ಮಾಡುವ ಬದಲು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ತಾಮ್ರ, ಗಂಧಕ ಇವುಗಳನ್ನು ಚೆನ್ನಾಗಿ ತಿಳಿಯಿರಿ ಎಂಬುದು ನನ್ನ ಅಭಿಪ್ರಾಯ.

ಕೈಗೆ ಅಭ್ಯಾಸವಾಗಬೇಕಾದುದು ಅನುಮಾಪನ (ಟೈಟ್ರೇಷನ್), ಅಂದರೆ ಪ್ರಬಲತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಆಮ್ಲದ ಪ್ರಮಾಣವನ್ನು ಅಳೆಯುವುದು. 10 ಮಿಲಿಲೀಟರ್ ರಸಕ್ಕೆ 0.1 ನಾರ್ಮಲ್ (ನಾರ್ಮಲ್ ಎಂಬುದು ದ್ರಾವಣದ ಪ್ರಬಲತೆಯ ಮಾನ) ಸೋಡಿಯಂ ಹೈಡ್ರಾಕ್ಸೈಡ್ ಹನಿಸಿದಾಗ, ಖರ್ಚಾದ ಪ್ರತಿ ಮಿಲಿಲೀಟರ್ ಲೀಟರಿಗೆ 0.75 ಗ್ರಾಂ ಟಾರ್ಟಾರಿಕ್ ಆಮ್ಲಕ್ಕೆ ಸಮ. 8 ಮಿಲಿಲೀಟರ್ ಹಿಡಿದರೆ 6 ಗ್ರಾಂ. ರಸವನ್ನು ತೆಳುವಾಗಿಸಲು ಗಡಸಾದ ಬೋರ್‌ವೆಲ್ ನೀರನ್ನು ಬಳಸಬೇಡಿ, ಅದರ ಬೈಕಾರ್ಬನೇಟ್ ಸ್ವಲ್ಪ ಆಮ್ಲವನ್ನು ತಿಂದುಹಾಕಿ ಅಳತೆಯನ್ನು ತಪ್ಪಿಸುತ್ತದೆ. ಬಟ್ಟಿ ಇಳಿಸಿದ ನೀರೇ ಬೇಕು. ಹುದುಗುತ್ತಿರುವ ರಸವಾದರೆ ಕರಗಿದ ಕಾರ್ಬನ್ ಡೈಆಕ್ಸೈಡನ್ನು ಮೊದಲು ಹೊರಗೆಡಹಿರಿ. ಬಿಳಿ ವೈನಿನಲ್ಲಿ, ಆಮ್ಲ ಮುಗಿದುದನ್ನು ಬಣ್ಣದಿಂದ ತೋರಿಸುವ ಸೂಚಕವಾದ ಫಿನಾಲ್ಫ್‌ಥಲೀನಿನ ಗುಲಾಬಿ ಛಾಯೆ ಅರ್ಧ ನಿಮಿಷ ನಿಂತರೆ ನಿಲ್ಲಿಸಬಹುದು. ಕೆಂಪು ವೈನಿನಲ್ಲಿ ಆ ಛಾಯೆ ಸರಿಯಾಗಿ ಕಾಣದು, ಪಿಎಚ್ ಮೀಟರು 8.2 ತೋರಿಸುವವರೆಗೆ ಹನಿಸಿರಿ.